ರೋಸ್ವಿತಾ ಕೊಪ್ ತೊಳೆದ ನೀರುನಾಯಿ

ರೋಸ್ವಿತಾ ಕೊಪ್ ಹುಟ್ಟಿದ್ದು ಜರ್ಮನಿಯ ಉಲ್ಮಿನಲ್ಲಿ, ಬೆಳೆದದ್ದು ಉಲ್ಮಿನಲ್ಲಿ. ಮದುವೆಯಾಗಿ ಹದಿನಾಲ್ಕು ತಿಂಗಳು ಸ್ಟುಟ್‌ಗಾರ್ಟಿನಲ್ಲಿದ್ದು ಬಂದದ್ದೊಂದನ್ನು ಬಿಟ್ಟರೆ ಎಪ್ಪತ್ತೊಂದು ವರ್ಷ ಬಾಳಿದ್ದೂ ಉಲ್ಮಿನಲ್ಲೇ. ಆ ಹದಿನಾಲ್ಕು ತಿಂಗಳ ಸುದ್ದಿ ಯಾರಾದರೂ ಎತ್ತಿದರೆ, "ಅಲ್ಲಿ ಗಾಳಿ ಆಡಲ್ಲ, ಒಗೆದ ಬಟ್ಟೆ ಒಣಗಲ್ಲ" ಎಂದು ಹೇಳಿ ಬಾಯಿ ಮುಚ್ಚುತ್ತಿದ್ದಳು. ಗಂಡ ಎಂಥವನಿದ್ದ ಎಂದು ಕೇಳಿದವರಿಗೂ ಅದೇ ಉತ್ತರ.

ಮೂವತ್ತಾರು ವರ್ಷ ಅವಳು ದುಡಿದದ್ದು ಮೀನುಗಾರರ ಕೇರಿಯ ಮೂಲೆಯ ಒಂದು ಲಾಂಡ್ರಿಯಲ್ಲಿ. ಹೋಟೆಲಿನ ಮೇಜುಬಟ್ಟೆ, ಪಾದ್ರಿಯ ನಿಲುವಂಗಿ, ಮದುಮಗಳ ಉಡುಪು, ಸತ್ತವರ ಹಾಸಿಗೆಯ ಹೊದಿಕೆ, ಎಲ್ಲವೂ ಅವಳ ಕೈ ಹಾದೇ ಹೋಗಬೇಕು. ಜ್ಯೋತಿಷಿ ಜಾತಕ ನೋಡಿದಂತೆ ಕಲೆ ನೋಡುತ್ತಿದ್ದಳು. ಇದು ಕೆಂಪು ವೈನು, ನಿನ್ನೆ ರಾತ್ರಿಯದು. ಇದು ರಕ್ತ, ಬಿಸಿನೀರು ತಾಗಿಸಬೇಡಿ. ಇದು ಮಸಿ, ಅಲ್ಲಿಡಿ, ನಾನು ನೋಡ್ಕೋತೀನಿ. ಅವಳ ಕೈಯಲ್ಲಿ ಹೋಗದ ಕಲೆ ಇಡೀ ಉಲ್ಮಿನಲ್ಲಿ ಇಲ್ಲ ಎಂದು ಲಾಂಡ್ರಿಯ ಯಜಮಾನಿ ಗಿರಾಕಿಗಳ ಮುಂದೆ ಹೇಳುತ್ತಿದ್ದಳು, ಸಂಬಳ ಹೆಚ್ಚಿಸುವ ಮಾತು ಬಂದಾಗ ಮಾತ್ರ ಮರೆಯುತ್ತಿದ್ದಳು. ನಿವೃತ್ತಿಯಾಗಿ ಆರು ವರ್ಷವಾದರೂ ರೋಸ್ವಿತಾಳ ಕಣ್ಣು ಎದುರಿಗೆ ನಿಂತವರ ಮುಖಕ್ಕಿಂತ ಮೊದಲು ಅವರ ಕಾಲರಿಗೆ ಹೋಗುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಇವಳದು ಒಗೆದರೂ ಹೋಗಲಿಲ್ಲ.

ಮೂರನೇ ಮಹಡಿಯಲ್ಲಿ ಅವಳ ಎದುರು ಬಾಗಿಲು ಗೋಟ್‌ಹಿಲ್ಫ್ ಐಸೆಲೆಯದು. ರೈಲ್ವೆಯಲ್ಲಿ ಸಿಗ್ನಲ್ ಎಳೆದು ನಿವೃತ್ತನಾದವನು, ಎಪ್ಪತ್ತೆಂಟು ವಯಸ್ಸು. ನಮ್ಮ ಸೀಮೆಯಲ್ಲಿ ಮೆಟ್ಟಿಲು ಗುಡಿಸಿ ಒರೆಸುವ ಸರದಿ ವಾರಕ್ಕೊಂದು ಮನೆಯದು. ಸರದಿ ಯಾರದೋ ಅವರ ಬಾಗಿಲಿಗೆ ಒಂದು ಹಲಗೆ ನೇತುಬೀಳುತ್ತದೆ. ಹತ್ತೊಂಬತ್ತು ವರ್ಷ ಇವರಿಬ್ಬರೂ ಆ ಹಲಗೆಯನ್ನು ಭಾನುವಾರ ಸಂಜೆ ಆರಕ್ಕೆ ಸರಿಯಾಗಿ ಒಬ್ಬರ ಬಾಗಿಲಿಂದ ಇನ್ನೊಬ್ಬರ ಬಾಗಿಲಿಗೆ ಸಾಗಿಸಿದ್ದರು. ಅವರ ನಡುವೆ ಆದ ಮಾತನ್ನೆಲ್ಲ ಒಟ್ಟು ಮಾಡಿದರೆ ಒಂದು ಪೋಸ್ಟ್ ಕಾರ್ಡು ತುಂಬುತ್ತಿರಲಿಲ್ಲ.

ಆದರೂ ಅವನ ಬಗ್ಗೆ ರೋಸ್ವಿತಾಳಿಗೆ ಗೌರವವಿತ್ತು. ಒಂಬತ್ತು ವರ್ಷದ ಕೆಳಗೆ ಅವನ ಹೆಂಡತಿ ಲೋರೆ ತೀರಿಹೋದಾಗ, ಮಣ್ಣು ಮಾಡಿದ ಮೂರನೇ ದಿನವೇ ಐಸೆಲೆ ಅವಳ ಸಾಮಾನನ್ನೆಲ್ಲ ಪೆಟ್ಟಿಗೆಗಳಿಗೆ ತುಂಬಿ, ನಗರಸಭೆಯ ಗಾಡಿ ಬಂದು ಒಯ್ಯಲೆಂದು ಮನೆ ಮುಂದೆ ಸಾಲಾಗಿ ಜೋಡಿಸಿಟ್ಟಿದ್ದ. ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ. ಗಂಡಸೆಂದರೆ ಹೀಗೆ ಅಚ್ಚುಕಟ್ಟಾಗಿರಬೇಕು ಎಂದುಕೊಂಡಿದ್ದಳು ರೋಸ್ವಿತಾ. ಅವತ್ತೇ ಸಂಜೆ ಹಸಿರು ಕೋಟಿನ ಎತ್ತರದ ಹೆಂಗಸೊಬ್ಬಳು ಅವನ ಮನೆಯಿಂದ ದಡದಡ ಇಳಿದು ಕೆಳಬಾಗಿಲನ್ನು ಧಡಾರನೆ ಬಡಿದು ಹೋದದ್ದೂ ಅವಳಿಗೆ ನೆನಪಿತ್ತು. ಈಗಿನವರಿಗೆ ಬಾಗಿಲು ಹಾಕಲಿಕ್ಕೂ ಬರುವುದಿಲ್ಲ ಎಂದುಕೊಂಡಿದ್ದಳು.

ಈ ಅಕ್ಟೋಬರಿನಲ್ಲಿ ಐಸೆಲೆ ಬಸ್ಸಿನಿಂದ ಇಳಿಯುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಗುಡ್ಡದ ಮೇಲಿನ ಆಸ್ಪತ್ರೆ ಸೇರಿದ. ಅದಾದ ಎರಡನೇ ಶುಕ್ರವಾರ ಪಾರ್ಸೆಲ್ಲಿನವನು ರೋಸ್ವಿತಾಳ ಗಂಟೆ ಒತ್ತಿದ.

"ಎದುರುಗಡೆಯವರದ್ದು, ಫ್ರೌ ಕೊಪ್. ಇಸ್ಕೋತೀರಾ?"

ಇಸ್ಕೊಳ್ಳದೆ ಇನ್ನೇನು? ನೆರೆಮನೆಯವರ ಪಾರ್ಸೆಲ್ ಇಸ್ಕೊಳ್ಳದವರು ನಮ್ಮಲ್ಲಿ ಮನುಷ್ಯರೇ ಅಲ್ಲ. ಹಾಗೆಯೇ, ನೆರೆಮನೆಯವರ ಪಾರ್ಸೆಲ್ ಬಿಚ್ಚಿದವರೂ ಮನುಷ್ಯರಲ್ಲ. ಅದನ್ನು ಹಜಾರದ ಬೀರುವಿನ ಮೇಲಿಟ್ಟು ಅವಳು ಆಸ್ಪತ್ರೆಗೆ ಫೋನು ಮಾಡಿದಳು.

"ಹೆರ್ ಐಸೆಲೆ, ನಿಮಗೊಂದು ಪಾರ್ಸೆಲ್ ಬಂದಿದೆ. ಸೊಂಟ ಹೇಗಿದೆ?"

"ಎಲ್ಲಿಂದ?"

"ಫ್ಲೆನ್ಸ್‌ಬುರ್ಗಿಂದ. ಎಫ್. ಥಾಮ್ಸನ್ ಅಂತ ಬರೆದಿದೆ."

ಫೋನು ಕಟ್ಟಾಯಿತೇನೋ ಎಂದು ರೋಸ್ವಿತಾ ಅದನ್ನು ಅಲ್ಲಾಡಿಸಿದಳು.

"ವಿಳಾಸ ಕೈಯಲ್ಲಿ ಬರೆದಿದಾರಾ, ಅಚ್ಚು ಹಾಕಿದಾರಾ?"

"ಕೈಯಲ್ಲಿ."

"ನನ್ನ ಹೆಸರು ಪೂರ್ತಿ ಇದೆಯಾ?"

"ಹೆರ್ ಗೋಟ್‌ಹಿಲ್ಫ್ ಐಸೆಲೆ. ಪೂರ್ತಿ ಇದೆ."

"ಹೆರ್ ಅಂತಾನೂ ಇದೆಯಾ?"

"ಇದೆಯಲ್ಲ, ಮರ್ಯಾದೆಗೆ ಎಲ್ಲರೂ ಹಾಕೋ ಹಾಗೆ. ಯಾಕೆ, ಇರಬಾರದಿತ್ತಾ?"

"ಬಿಚ್ಚಿ, ಫ್ರೌ ಕೊಪ್. ಒಳಗೆ ಒಂದು ನೀರುನಾಯಿ ಇರುತ್ತೆ."

ನೋವಿನ ಮಾತ್ರೆ ತಲೆಗೆ ಏರಿದೆ ಪಾಪ ಎಂದುಕೊಂಡಳು. ಆದರೂ ಹೇಳಿದ್ದಾನಲ್ಲ ಎಂದು ಕತ್ತರಿ ತಂದು ಬಿಚ್ಚಿದಳು. ಒಳಗೆ ನಿಜಕ್ಕೂ ಒಂದು ನೀರುನಾಯಿ ಇತ್ತು. ಮೊಣಕೈಯುದ್ದದ ಬಟ್ಟೆಯ ಗೊಂಬೆ, ಕಂದು ಬಣ್ಣ, ಬೂದು ಉಣ್ಣೆಯ ಕೋಟು, ಕೊಂಬಿನ ಮೂರು ಗುಂಡಿ. ಜೊತೆಗೊಂದು ದಪ್ಪ ನೋಟ್‌ಬುಕ್ಕು. ರೋಸ್ವಿತಾ ಗೊಂಬೆಯನ್ನು ನೋಡಿದಳು, ಫೋನನ್ನು ನೋಡಿದಳು. ಹತ್ತೊಂಬತ್ತು ವರ್ಷ ಮೆಟ್ಟಿಲ ಮೇಲೆ ನಗು ಕಾಣದ ಆ ಮುಖಕ್ಕೂ ಈ ಗೊಂಬೆಗೂ ಎಲ್ಲಿಯ ಸಂಬಂಧ, ತಲೆಬುಡ ತಿಳಿಯಲಿಲ್ಲ.

"ಅದರ ಹೆಸರು ಬಾಲ್ಡುಯಿನ್" ಎಂದ ಐಸೆಲೆ, ಯಾರನ್ನೋ ಪರಿಚಯ ಮಾಡಿಸುವ ದನಿಯಲ್ಲಿ. "ಗೊಸ್ಲಾರಲ್ಲಿ ಒಬ್ಬ ಹೆಂಗಸು ಇದನ್ನ ನಡೆಸ್ತಾಳೆ. ಇಪ್ಪತ್ಮೂರು ಮನೆ. ಒಬ್ಬೊಬ್ಬರ ಮನೇಲಿ ಹತ್ತು ದಿನ ಇರ್ತಾನೆ. ಊರು ತೋರಿಸ್ಬೇಕು, ಫೋಟೋ ತೆಗೀಬೇಕು, ಪುಸ್ತಕದಲ್ಲಿ ಬರೀಬೇಕು, ಮುಂದಿನ ಊರಿಗೆ ಕಳಿಸ್ಬೇಕು. ಕೊನೇ ಪುಟ ಓದಿ."

ರೋಸ್ವಿತಾ ಕನ್ನಡಕ ಹಾಕಿ ಓದಿದಳು. "ಬಾಲ್ಡುಯಿನ್ ಇಲ್ಲಿ ಹತ್ತು ದಿನ ಇದ್ದ. ಬಂದರು ನೋಡಿದ. ಹಾಯಿದೋಣಿಯಲ್ಲಿ ಕುಳಿತ. ಮೀನಿನ ಬನ್ನು ತಿಂದ. ಎಂಟು ದಿನ ಮಳೆ. ಎಫ್. ಥಾಮ್ಸನ್."

"ಕೆಳಗೆ ಇನ್ನೇನಾದ್ರೂ?"

"ಏನಿಲ್ಲ."

ಆಮೇಲೆ ಐಸೆಲೆ, ಸಿಗ್ನಲ್ ಕೋಣೆಯಿಂದ ರೈಲು ತಡವಾಗಿದೆ ಎಂದು ವರದಿ ಒಪ್ಪಿಸುವವನ ಹಾಗೆ ಹೇಳಿದ: "ಅದು ನನ್ನ ಮಗಳು. ಫ್ರೀಡೆರುನ್. ಅವರಮ್ಮ ಹೋದಾಗಿಂದ ನನ್ನ ಹತ್ರ ಮಾತಿಲ್ಲ. ಒಂಬತ್ತು ವರ್ಷ. ಬರೆದ ಕಾಗದ ಒಡೀದೆ ವಾಪಸ್ ಬರ್ತಿತ್ತು. ಅವಳು ಈ ಬಳಗದಲ್ಲಿದಾಳೆ ಅಂತ ಯಾರೋ ಹೇಳಿದ್ರು, ನಾನೂ ಸೇರ್ದೆ. ನನ್ನ ಹೆಸರು ಅವಳ ಹೆಸರು ಆದ್ಮೇಲೇನೇ ಹಾಕಿ ಅಂತ ಗೊಸ್ಲಾರಿನವಳನ್ನ ಕೇಳ್ಕೊಂಡೆ. ಮಗಳು ಬೇಡ ಅಂದಿದ್ರೆ ಬೇರೆಯವರಿಗೆ ಕಳಿಸ್ಬೋದಿತ್ತು. ಕಳಿಸಿಲ್ಲ. ನನಗೇ ಕಳಿಸಿದಾಳೆ."

ಹಸಿರು ಕೋಟು ರೋಸ್ವಿತಾಳ ಕಣ್ಣ ಮುಂದೆ ಹಾದುಹೋಯಿತು. "ಹಾಗಾ" ಎಂದಳು.

"ನಾಳೆ ಅವನಿಗೆ ಊರು ತೋರಿಸ್ತೀರಾ? ದೊಡ್ಡ ಚರ್ಚು, ಗುಬ್ಬಿ, ಓರೆ ಮನೆ. ಫೋಟೋ ಎಲ್ಲರಿಗೂ ಹೋಗುತ್ತೆ, ಅವಳೂ ನೋಡ್ತಾಳೆ. ಭಾನುವಾರ ಇಲ್ಲಿಗೆ ತನ್ನಿ. ಹಾಗೇ ತನ್ನಿ. ನೋಡೋದು ಇನ್ನೂ ಒಂದಿದೆ, ಅದನ್ನ ನಾನೇ ನೋಡ್ಕೋತೀನಿ."

ಫೋನಿಟ್ಟ ಮೇಲೆ ರೋಸ್ವಿತಾ ಬಾಲ್ಡುಯಿನ್‌ನನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎಂಥಾ ಕೊಳೆ! ಮೂತಿಯ ಮೇಲೆ ಸಾಸಿವೆ ಗೊಜ್ಜು, ಹೊಟ್ಟೆಯ ಮೇಲೆ ಯಾವುದೋ ಊರಿನ ಬಿಯರು, ಬಾಲಕ್ಕೆ ಡಾಂಬರು, ಒಟ್ಟಾರೆ ಮೀನಿನ ವಾಸನೆ. ಹತ್ತೊಂಬತ್ತು ಊರು ಸುತ್ತಿ ಬಂದವನು, ಒಬ್ಬರಾದರೂ ಒಂದು ಚೂರು ಸಾಬೂನು ತೋರಿಸಿದ್ದರೆ ಕೇಳಿ! ಇದನ್ನು ಆಸ್ಪತ್ರೆಗೆ, ಗಾಯವಿರುವವನ ಹಾಸಿಗೆಗೆ, ಹಾಗೇ ಒಯ್ಯುವುದೇ? ಐಸೆಲೆ ಗಂಡಸು, ಅವನಿಗೇನು ಗೊತ್ತು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬಳಗದ ನಿಯಮಗಳನ್ನು ಸಣ್ಣ ಅಕ್ಷರದಲ್ಲಿ ಅಂಟಿಸಿದ್ದರು. ನಿಯಮ ಓದದೆ ಲೋಟವನ್ನೂ ಎತ್ತದ ಜನ ನಾವು. ಆದರೆ ಒಗೆಯುವ ವಿಷಯದಲ್ಲಿ ರೋಸ್ವಿತಾಳಿಗೆ ನಿಯಮ ಹೇಳುವವರು ಇನ್ನೂ ಹುಟ್ಟಿರಲಿಲ್ಲ. ಕನ್ನಡಕ ತೆಗೆದಿಟ್ಟು ತೋಳು ಮಡಿಸಿದಳು.

ಹೊಟ್ಟೆಯ ಹೊಲಿಗೆ ಬಿಚ್ಚಿ ಹತ್ತಿ ತೆಗೆದು ಬೇರೆ ಇಟ್ಟಳು. ಚರ್ಮವನ್ನೂ ಕೋಟನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ ಕಾಫಿ ಕುಡಿದು ಬಂದಾಗ ನೀರು ನೀಲಿ ತಿರುಗಿತ್ತು. ಕೋಟು ತಿರುಗಿಸಿ ನೋಡಿದರೆ ಒಳಗಿನ ಬಿಳಿ ಪಟ್ಟಿಯ ಮೇಲೆ ಅಂಗೈಯಗಲ ನೀಲಿ ಹಬ್ಬಿತ್ತು. ಯಾರೋ ಜೇಬಿಗೆ ಪೆನ್ನು ಸಿಕ್ಕಿಸಿ ಸೋರಿಸಿದ್ದಾರೆ, ಅನಾಗರಿಕರು. ಎತ್ತಿನ ಪಿತ್ತ ಹಾಕಿ ಮಾಡಿದ ಕಲೆಸಾಬೂನು ತಂದಳು, ಸ್ಪಿರಿಟ್ಟು ತಂದಳು, ಹಳೆ ಹಲ್ಲುಜ್ಜುವ ಬ್ರಷ್ಷು ತಂದಳು. ಕಲೆ ಹಟಮಾರಿ. ಇವಳು ಅದಕ್ಕಿಂತ ಹಟಮಾರಿ. ಮುಕ್ಕಾಲು ಗಂಟೆ ಉಜ್ಜಿದ ಮೇಲೆ ಪಟ್ಟಿ ಹಾಲಿನ ಹಾಗೆ ಬೆಳ್ಳಗಾಯಿತು. ಮೂವತ್ತಾರು ವರ್ಷದ ಕೈ ಇನ್ನೂ ಹಾಗೇ ಇದೆ ಎಂದು ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಒಂದು ಕ್ಷಣ ಯಾರಿಗಾದರೂ ತೋರಿಸಬೇಕೆನಿಸಿತು. ತೋರಿಸಲು ಮನೆಯಲ್ಲಿ ಯಾರೂ ಇರಲಿಲ್ಲ.

ಮರುದಿನ ಹೀಟರಿನ ಮೇಲೆ ಒಣಗಿದ ಚರ್ಮಕ್ಕೆ ಹತ್ತಿ ತುಂಬಿ, ಹೊಟ್ಟೆ ಹೊಲಿದು, ಇಸ್ತ್ರಿ ಮಾಡಿದ ಕೋಟು ತೊಡಿಸಿ, ಬಾಲ್ಡುಯಿನ್‌ನನ್ನು ಸಂತೆಚೀಲದಲ್ಲಿ ಕೂರಿಸಿಕೊಂಡು ಹೊರಟಳು. ಎಪ್ಪತ್ತೊಂದು ವರ್ಷದಲ್ಲಿ ಅವಳು ಊರು ನೋಡಲು ಊರಿನೊಳಗೆ ಹೋದವಳಲ್ಲ. ಚರ್ಚಿನ ಮುಂದಿನ ಚೌಕಕ್ಕೆ ಹೋಗುತ್ತಿದ್ದದ್ದು ಶನಿವಾರದ ಸಂತೆಯಲ್ಲಿ ಆಲೂಗಡ್ಡೆಗೆ. ಇವತ್ತು ಆಲೂಗಡ್ಡೆಯವನಿಗೆ ಬೆನ್ನು ಹಾಕಿ, ಗೊಂಬೆಯನ್ನು ಕಲ್ಲುಕಟ್ಟೆಯ ಮೇಲೆ ಕೂರಿಸಿ, ಗೋಪುರದ ತುದಿ ಚಿತ್ರದಲ್ಲಿ ಬರಲೆಂದು ನೆಲಕ್ಕೆ ಮೊಣಕಾಲೂರಿದಳು. ತುದಿ ಬಂದರೆ ಬಾಲ್ಡುಯಿನ್ ಬರಲಿಲ್ಲ, ಬಾಲ್ಡುಯಿನ್ ಬಂದರೆ ತುದಿ ಬರಲಿಲ್ಲ. ಕೊನೆಗೆ ಚರ್ಚಿನ ಕಾಲೂ ಬಾಲ್ಡುಯಿನ್‌ನ ಕಿವಿಯೂ ಇರುವ ಒಂದು ಚಿತ್ರಕ್ಕೆ ತೃಪ್ತಳಾದಳು.

ಎದ್ದು ನಿಂತರೆ ಎದುರಿಗೆ ಲಾಂಡ್ರಿಯ ಹಳೆ ಯಜಮಾನಿ, ಫ್ರೌ ಮೆಯೆಲೆ, ಕೈಯಲ್ಲಿ ಹೂಕೋಸು.

"ಏನಿದು ಫ್ರೌ ಕೊಪ್, ಮೊಮ್ಮಕ್ಕಳೇ ಇಲ್ಲದೆ ಗೊಂಬೆ?"

"ನಂದಲ್ಲ. ಹೆರ್ ಐಸೆಲೆಯವರದ್ದು."

"ಐಸೆಲೆ! ಆ ಗಂಟುಮೋರೆಯವರದ್ದಾ?"

"ಅವರದ್ದೂ ಅಲ್ಲ. ಇಪ್ಪತ್ಮೂರು ಜನರದ್ದು. ಇದು ಊರು ನೋಡೋಕೆ ಬಂದಿದೆ."

"ಯಾರು ಬಂದಿದಾರೆ?"

"ಇದು."

ಫ್ರೌ ಮೆಯೆಲೆ ಗೊಂಬೆಯನ್ನು ನೋಡಿ, ಇವಳನ್ನು ನೋಡಿ, ಹೂಕೋಸನ್ನು ಇನ್ನೊಂದು ಕೈಗೆ ಬದಲಾಯಿಸಿದಳು. "ಮನೇಲಿ ಒಬ್ಬರೇ ಇರೋದು ಒಳ್ಳೇದಲ್ಲ, ಫ್ರೌ ಕೊಪ್" ಎಂದಳು ಮೆತ್ತಗೆ. "ನಮ್ಮ ಮನೆ ಕಡೆ ಬನ್ನಿ ಒಂದಿನ, ಕಾಫಿಗೆ." ಇಷ್ಟು ವರ್ಷ ಬಾರದ ಕರೆ ಗೊಂಬೆ ಕೈಯಲ್ಲಿದ್ದಾಗ ಬಂದದ್ದು ಯಾಕೆಂದು ರೋಸ್ವಿತಾಳಿಗೆ ಹೊಳೆಯಲಿಲ್ಲ. ಅವಮಾನವೋ ಉಪಚಾರವೋ, ಎರಡೂ ಸೇರಿಕೊಂಡಿದ್ದವೋ.

ಚರ್ಚಿನ ಸೂರಿನ ಮೇಲೆ ಕಡ್ಡಿ ಕಚ್ಚಿಕೊಂಡು ಕೂತ ಲೋಹದ ಗುಬ್ಬಿಯನ್ನು ತೋರಿಸಿದಳು. ಕಾಲುವೆಗೆ ಬಾಗಿಕೊಂಡ ಓರೆ ಮನೆಯನ್ನು ತೋರಿಸಿದಳು. ಅಲ್ಲಿ ಪ್ರವಾಸಿ ಹುಡುಗಿಯೊಬ್ಬಳು "ನೀವೂ ನಿಲ್ಲಿ, ನಾನು ತೆಗೀತೀನಿ" ಎಂದು ಫೋನು ಕಸಿದುಕೊಂಡು, ಗೊಂಬೆಯನ್ನು ತೋಳಲ್ಲಿಟ್ಟುಕೊಂಡ ರೋಸ್ವಿತಾಳ ಚಿತ್ರವನ್ನು ಐದು ಸಲ ತೆಗೆದಳು. ಡಾನ್ಯೂಬಿನ ದಂಡೆಗೆ ಬರುವಷ್ಟರಲ್ಲಿ ರೋಸ್ವಿತಾ ಬಾಲ್ಡುಯಿನ್‌ನೊಂದಿಗೆ ಮಾತಾಡುತ್ತಿದ್ದಳು. "ಇದೇ ನೋಡು ನಮ್ಮ ಹೊಳೆ. ನಿನಗೇನು ಹೊಸದಲ್ಲ, ನೀರಲ್ಲೇ ಹುಟ್ಟಿದೋನು" ಎಂದಳು. ಹೇಳಿದ ಮೇಲೆ ಬೆಚ್ಚಿ ಅತ್ತಿತ್ತ ನೋಡಿ, ಗೊಂಬೆಯನ್ನು ಚೀಲಕ್ಕೆ ತುರುಕಿ ಮನೆ ದಾರಿ ಹಿಡಿದಳು.

ಭಾನುವಾರ ಮಧ್ಯಾಹ್ನ ಆಸ್ಪತ್ರೆಗೆ ಹೋದಾಗ ಐಸೆಲೆ ದಿಂಬಿಗೆ ಒರಗಿ ಕೂತಿದ್ದ. ಕ್ಷೌರ ಮಾಡಿಸಿಕೊಂಡಿದ್ದ, ಅಂಗಿಯ ಗುಂಡಿ ಕತ್ತಿನವರೆಗೆ ಹಾಕಿದ್ದ. ಯಾರೋ ದೊಡ್ಡವರು ಬರುವವರಿದ್ದಾರೆ ಅನ್ನುವ ಹಾಗೆ. ರೋಸ್ವಿತಾ ಗೊಂಬೆಯನ್ನು ಹೊದಿಕೆಯ ಮೇಲೆ ಕೂರಿಸಿ, ಹೊಗಳಿಕೆಗೆ ಕಾದು ನಿಂತಳು.

ಐಸೆಲೆ ಹೊಗಳಲಿಲ್ಲ. ಅವನಿಗೆ ಕೋಟಿನ ಮೂರು ಗುಂಡಿ ಬಿಚ್ಚಲು ತುಂಬಾ ಹೊತ್ತು ಹಿಡಿಯಿತು. ಬಿಚ್ಚಿ, ಒಳಪಟ್ಟಿಯನ್ನು ಬೆಳಕಿಗೆ ಹಿಡಿದ. ಮಗುಚಿ ನೋಡಿದ. ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದ.

"ಖಾಲಿ" ಎಂದ.

"ಏನು ಖಾಲಿ?"

"ಪುಸ್ತಕದಲ್ಲಿ ಬರೆಯೋದು ಎಲ್ಲರಿಗೆ. ಮುಂದಿನ ಮನೆಯವರಿಗೆ ಮಾತ್ರ ಏನಾದ್ರೂ ಹೇಳೋದಿದ್ರೆ ಇಲ್ಲಿ ಬರೀತಾರೆ, ಕೋಟಿನ ಒಳಗೆ. ಓದಿದವರು ಈ ಪಟ್ಟಿ ಬಿಚ್ಚಿ ತಮ್ಮ ಹತ್ರ ಇಟ್ಕೊಂಡು ಹೊಸದು ಹೊಲೀಬೇಕು. ಇದು ಬಳಗದ ಪದ್ಧತಿ." ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದ. "ಬಿಳೀದು ಕಳಿಸಿದಾಳೆ. ಇರ್ಲಿ. ಅದೂ ಒಂದು ಉತ್ತರಾನೇ. ಕೇಳಿದ್ದು ನಾನಲ್ವಾ."

ರೋಸ್ವಿತಾ ಪಕ್ಕದ ಕುರ್ಚಿ ಎಳೆದು ಕೂತಳು. ನೀರಿನ ಆ ನೀಲಿ, ಮುಕ್ಕಾಲು ಗಂಟೆಯ ಆ ಉಜ್ಜಾಟ, ಆಮೇಲಿನ ಆ ಸಂತೋಷ, ಒಂದರ ಮೇಲೊಂದು ಬಂದು ಬಡಿದವು. ಬಾಯಿ ಮುಚ್ಚಿಕೊಂಡರೆ ಯಾರಿಗೂ ತಿಳಿಯುವುದಿಲ್ಲ. ಮುದುಕ ಮಗಳು ತನಗೆ ಏನೂ ಬರೆಯಲಿಲ್ಲ ಎಂದು ನಂಬಿಕೊಂಡೇ ಸಾಯುತ್ತಾನೆ. ಬಾಯಿ ಬಿಟ್ಟರೆ, ಬರೆದಿದ್ದಳು ಎಂದು ತಿಳಿಯುತ್ತದೆ, ಏನು ಬರೆದಿದ್ದಳು ಎಂದು ಮಾತ್ರ ತಿಳಿಯುವುದಿಲ್ಲ. ಯಾವುದು ಹೆಚ್ಚು ಕ್ರೂರ? ಅತ್ತ ದರಿ, ಇತ್ತ ಪುಲಿ. ಲಾಂಡ್ರಿಯಲ್ಲಿ ಬಟ್ಟೆ ಹಾಳಾದಾಗ "ಮೊದಲೇ ಹರಿದಿತ್ತು" ಎಂದು ಹೇಳುವ ಅಭ್ಯಾಸ ಎಲ್ಲರಿಗೂ ಇತ್ತು, ಅವಳಿಗೂ ಇತ್ತು.

"ಖಾಲಿ ಇರ್ಲಿಲ್ಲ, ಹೆರ್ ಐಸೆಲೆ."

"ಏನು?"

"ನಾನು ಒಗೆದೆ. ತುಂಬಾ ಕೊಳೆ ಇತ್ತು. ನೀರಲ್ಲಿ ಬಿಟ್ಟಿದ್ದೆ, ನೋಡಿದ್ರೆ ನೀಲಿ ಹಬ್ಬಿತ್ತು, ನಾನು ಕಲೆ ಅಂದ್ಕೊಂಡೆ. ಉಜ್ಜಿ ತೆಗೆದೆ." ಕೈಗಳನ್ನು ಚೀಲದ ಅಡಿಗೆ ಸರಿಸಿಕೊಂಡಳು. "ಪೂರ್ತಿ ತೆಗೆದೆ. ನನಗೆ ಚೆನ್ನಾಗಿ ತೆಗೆಯೋಕೆ ಬರುತ್ತೆ."

ಬೈಯುತ್ತಾನೆ ಎಂದು ಕಾದಳು. ಐಸೆಲೆಯ ಮುಖದಲ್ಲಿ ಏನೇನೋ ಬಂದು ಹೋಯಿತು, ಸಿಟ್ಟು ಮಾತ್ರ ಬರಲಿಲ್ಲ.

"ಬರೆದಿದ್ದಳಾ?"

"ಹೂಂ."

"ಎಷ್ಟು? ಎಷ್ಟು ಸಾಲು?"

"ಗೊತ್ತಿಲ್ಲ. ಅಂಗೈಯಷ್ಟಗಲ ಇತ್ತು."

"ಅಂಗೈಯಷ್ಟು!" ಎಂದ ಐಸೆಲೆ. ಕೈಯನ್ನು ಬಿಡಿಸಿ ನೋಡಿಕೊಂಡ. ಅವನು ನಗುವ ಹಾಗೂ ಕಂಡಿತು, ಅಳುವ ಹಾಗೂ ಕಂಡಿತು. ರೋಸ್ವಿತಾ ಎತ್ತ ನೋಡಬೇಕೋ ತಿಳಿಯದೆ ನೀರಿನ ಹೂಜಿಯನ್ನು ನೋಡಿದಳು. ಒಂದು ನಿಮಿಷದಲ್ಲಿ ಆ ಮುಖ ಬಾಡಿತು.

"ನಾನೇ ಒಗೆದು ಹಾಕಿದೆ ಅಂತಾಳೆ" ಎಂದ.

"ನೀವು ಯಾಕೆ ಒಗೀತೀರಿ? ಆಸ್ಪತ್ರೇಲಿದೀರಿ."

"ನಿಮಗೆ ಗೊತ್ತಿಲ್ಲ, ಫ್ರೌ ಕೊಪ್. ಲೋರೆ ಕಾಯಿಲೆ ಬಿದ್ದಾಗ ಮಗಳಿಗೆ ಅಂತ ಕಾಗದ ಬರೆದಿಡ್ತಿದ್ದಳು. ತಾನು ಹೋದ್ಮೇಲೆ ಓದ್ಲಿ ಅಂತ. ಒಂದು ಶೂ ಪೆಟ್ಟಿಗೆ ತುಂಬಾ. ನಾನು ಆ ಮೂರು ದಿನ ಮನೇಲಿ ಕೂರೋಕಾಗದೆ ಕೈಗೆ ಸಿಕ್ಕಿದ್ದೆಲ್ಲ ಕಟ್ಟಿ ಹೊರಗಿಟ್ಟೆ. ಒಳಗೇನಿದೆ ಅಂತ ನೋಡ್ಲಿಲ್ಲ. ಸಂಜೆ ಫ್ರೀಡೆರುನ್ ಬಂದು ಪೆಟ್ಟಿಗೆ ಎಲ್ಲಿ ಅಂದ್ಳು. ಗಾಡಿ ಹೋಗಿಯಾಗಿತ್ತು. ನಾನು, ಅಂಥ ಪೆಟ್ಟಿಗೆ ಇರ್ಲೇ ಇಲ್ಲ ಅಂದೆ. ನಿಮ್ಮಮ್ಮ ಜ್ವರದಲ್ಲಿ ಏನೋ ಬಡಬಡಿಸಿರ್ಬೇಕು ಅಂದೆ." ಅವನು ಗೊಂಬೆಯ ಕೋಟಿನ ಗುಂಡಿ ಹಾಕತೊಡಗಿದ. "ಅವಳು ನಂಬ್ಲಿಲ್ಲ. ಈಗ ಇದು."

ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ. ಮುಂದಿನ ಸಾಲಿನಲ್ಲಿ ಒಂದು ಶೂ ಪೆಟ್ಟಿಗೆ ಇತ್ತೇ? ಇದ್ದಿರಬೇಕು. ತಾನು ಅದರ ಪಕ್ಕದಲ್ಲೇ ಹಾದು, ಮನಸ್ಸಿನಲ್ಲೇ ಶಹಬ್ಬಾಸ್ ಕೊಟ್ಟು ಮೆಟ್ಟಿಲು ಹತ್ತಿದ್ದಳು. ರೋಸ್ವಿತಾಳಿಗೆ ತನ್ನ ಮೇಲೆ ಎಂದೂ ಬಾರದಷ್ಟು ಸಿಟ್ಟು ಬಂತು. ಶುಚಿ ಶುಚಿ ಎಂದು ಇಷ್ಟು ವರ್ಷ ತಾನು ಏನೇನು ಉಜ್ಜಿ ಹಾಕಿದೆನೋ ಎನಿಸಿತು.

ನಮ್ಮಲ್ಲಿ ಭಾನುವಾರ ಮಧ್ಯಾಹ್ನ ಒಂದರಿಂದ ಮೂರರವರೆಗೆ ಮೊಳೆ ಹೊಡೆಯಬಾರದು, ಗುಡಿಸುವ ಯಂತ್ರ ಹಾಕಬಾರದು, ಯಾರ ಮನೆಗೂ ಫೋನು ಮಾಡಬಾರದು. ಗಡಿಯಾರ ನೋಡಿದಳು, ಒಂದೂವರೆ. ಚೀಲದಲ್ಲಿದ್ದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಇಪ್ಪತ್ಮೂರು ಮನೆಯ ನಂಬರಿತ್ತು. ಅವಳು ಕನ್ನಡಕ ಹಾಕಿಕೊಂಡು ಥಾಮ್ಸನ್ ನಂಬರು ಒತ್ತಿದಳು.

"ಏನ್ಮಾಡ್ತಿದೀರಿ?" ಎಂದ ಐಸೆಲೆ.

"ಸುಮ್ನಿರಿ."

"ಥಾಮ್ಸನ್" ಎಂದಿತು ಹೆಣ್ಣು ದನಿ. ರೋಸ್ವಿತಾಳ ಫೋನು ಕಿವಿ ಮಂದವಾದವರದ್ದು, ದನಿ ಕೋಣೆಗೆಲ್ಲ ಕೇಳಿಸಿತು.

"ನಾನು ರೋಸ್ವಿತಾ ಕೊಪ್, ಉಲ್ಮಿಂದ. ನಿಮ್ಮ ತಂದೆಯವರ ಎದುರು ಬಾಗಿಲು. ನೀವು ಕೋಟಿನ ಒಳಗೆ ಬರೆದಿದ್ದನ್ನ ನಾನು ಗೊತ್ತಿಲ್ಲದೆ ಒಗೆದುಬಿಟ್ಟೆ. ನಿಮ್ಮ ತಂದೆ ಓದಿಲ್ಲ. ಓದೋಕೆ ಆಗ್ಲಿಲ್ಲ."

ಒಣಗಿದ ನಗೆಯೊಂದು ಬಂತು. "ಒಗೆದುಹೋಯ್ತಾ. ಒಳ್ಳೇದಾಯ್ತು. ಹೀಗೆ ಹೇಳಿ ಅಂತ ಅವರೇ ಹೇಳಿಕೊಟ್ರಾ?"

"ಅಯ್ಯೋ, ಇಲ್ಲ ತಾಯಿ. ನಾನು ಲಾಂಡ್ರಿಯೋಳು. ಕಲೆ ಕಂಡ್ರೆ ನನ್ನ ಕೈ ಸುಮ್ನಿರಲ್ಲ."

"ನಮ್ಮನೇಲಿ ಕಾಗದಗಳು ಹೀಗೇ ಮಾಯ ಆಗ್ತವೆ, ಫ್ರೌ ಕೊಪ್. ಪ್ರತಿ ಸಲಾನೂ ಯಾರದ್ದೂ ತಪ್ಪಿರಲ್ಲ. ನಿಮಗೆ ತೊಂದ್ರೆ ಆಯ್ತು, ಕ್ಷಮಿಸಿ. ಇಡ್ತೀನಿ."

"ಇಡಬೇಡಿ!" ಎಂದು ರೋಸ್ವಿತಾ ಕೂಗಿದಳು, ನರ್ಸೊಬ್ಬಳು ಇಣುಕಿ ನೋಡುವಷ್ಟು ಜೋರಾಗಿ. ನಿಜ ಹೇಳಿದರೂ ಸುಳ್ಳಾಗುವಾಗ ಇನ್ನೇನು ಹೇಳುವುದು? ಗಾಬರಿಯಲ್ಲಿ ಫೋನನ್ನು ಐಸೆಲೆಯ ಕೈಗೆ ತುರುಕಿದಳು.

ಅವನು ಅದನ್ನು ಬಿಸಿ ಪಾತ್ರೆ ಹಿಡಿದ ಹಾಗೆ ಹಿಡಿದುಕೊಂಡ.

"ಫ್ರೀಡೆರುನ್" ಎಂದ. "ಇದನ್ನ ಒಗೆದದ್ದು ನಾನಲ್ಲ. ಅಮ್ಮನ ಪೆಟ್ಟಿಗೆ ಎಸೆದದ್ದು ನಾನು. ಪೆಟ್ಟಿಗೆ ಇತ್ತು. ನೀಲಿ ಮುಚ್ಚಳ, ದಾರ ಕಟ್ಟಿತ್ತು. ಇರ್ಲಿಲ್ಲ ಅಂತ ಸುಳ್ಳು ಹೇಳಿದ್ದೂ ನಾನೇ. ಅಮ್ಮ ಬಡಬಡಿಸಿರ್ಲಿಲ್ಲ."

ಐಸೆಲೆ ಫೋನನ್ನು ಕಿವಿಯಿಂದ ತೆಗೆದು ನೋಡಿ ಮತ್ತೆ ಕಿವಿಗಿಟ್ಟ. ರೋಸ್ವಿತಾ ಎದ್ದು ತನ್ನ ಕೋಟು ಕೈಗೆ ತೆಗೆದುಕೊಂಡಳು. ಇಲ್ಲಿ ತನಗೆ ಇನ್ನು ಕೆಲಸವಿಲ್ಲ, ಇರುವುದು ಮರ್ಯಾದೆಯೂ ಅಲ್ಲ.

"ಪೆನ್ನಿದೆಯಾ?" ಎಂದಿತು ಫೋನು. ದನಿ ಬದಲಾಗಿತ್ತು, ಮೂಗು ಕಟ್ಟಿದ ಹಾಗಿತ್ತು. "ಪಪ್ಪಾ, ಪೆನ್ನು ತಗೋ. ನಾನು ಬರೆದಿದ್ದನ್ನ ಹೇಳ್ತೀನಿ. ಬರ್ಕೋ."

ಐಸೆಲೆ ರೋಸ್ವಿತಾಳ ತೋಳು ಹಿಡಿದುಕೊಂಡ. ಅವಳು ಚೀಲ ತಡಕಿ ಪೆನ್ನು ಕೊಟ್ಟಳು. ಕಾಗದವಿರಲಿಲ್ಲ, ತಟ್ಟೆಯ ಮೇಲೆ ಆಸ್ಪತ್ರೆಯ ಊಟದ ಕಾರ್ಡು ಇತ್ತು, ಒಂದು ಮಗ್ಗುಲು ಇಡೀ ಖಾಲಿ, ಇನ್ನೊಂದರಲ್ಲಿ ಬೇಳೆ ಸಾರು ಎಂಬ ಒಂದೇ ಸಾಲು. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಪೆನ್ನು, ಕಾರ್ಡು ಜಾರುತ್ತಿತ್ತು. ರೋಸ್ವಿತಾ ಅದನ್ನು ಅವನ ತೊಡೆಯ ಮೇಲೆ ಒತ್ತಿ ಹಿಡಿದು, ಓದಬಾರದೆಂದು ಮುಖವನ್ನು ಕಿಟಕಿಗೆ ತಿರುಗಿಸಿದಳು. ಕಣ್ಣು ತಿರುಗಿಸಿದರೇನು, ಕಿವಿ ಇತ್ತಲ್ಲ.

"'ನನಗಿನ್ನೂ ಸಿಟ್ಟು ಹೋಗಿಲ್ಲ.' ಬರೆದ್ಯಾ?"

"ಬರೆದೆ."

"'ಬಳಗದ ಪಟ್ಟೀಲಿ ನಿನ್ನ ಹೆಸರು ನೋಡಿದ ದಿನ ಹರಿದು ಬಿಸಾಕೋಣ ಅಂದ್ಕೊಂಡೆ.' ಬರಿ."

"ನಿಧಾನ ಹೇಳು. ಕೈ ನಡುಗುತ್ತೆ."

ಅವಳು ನಿಧಾನವಾಗಿ ಹೇಳಿದಳು. ಅವನು ಬರೆದ. ಅಮ್ಮನ ಕೆಮ್ಮಿನ ಬಗ್ಗೆ ಹೇಳಿದಳು, ಸಿಗ್ನಲ್ ಕೋಣೆಯಲ್ಲಿ ಅವನ ತೊಡೆಯ ಮೇಲೆ ಕೂತು ಹಿಡಿ ಎಳೆದದ್ದು ಹೇಳಿದಳು, ಅವಳ ಗಂಡನ ಹೆಸರು ಹೇಳಿದಳು, ಅದನ್ನು ಅವನು ಎರಡು ಸಲ ಕೇಳಿ ಬರೆದುಕೊಂಡ. ಮಧ್ಯೆ ಮಧ್ಯೆ ಅವಳು ಅತ್ತಳು, ಆಗ ಅವನು ಪೆನ್ನು ಎತ್ತಿ ಹಿಡಿದು ಕಾದ. ಕಾರ್ಡಿನ ಖಾಲಿ ಮಗ್ಗುಲು ತುದಿಯವರೆಗೆ ತುಂಬಿತು.

ಬಟ್ಟೆಯ ಅಳತೆ ರೋಸ್ವಿತಾಳಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟು ಸಣ್ಣಗೆ ಬರೆದರೂ ಆ ಪಟ್ಟಿಯಲ್ಲಿ ಇದರ ಕಾಲುಭಾಗವೂ ಹಿಡಿಸುತ್ತಿರಲಿಲ್ಲ. ಫೋನಿನಲ್ಲಿ ದನಿ ಇನ್ನೂ ಹೇಳುತ್ತಲೇ ಇತ್ತು. ರೋಸ್ವಿತಾ ಕಣ್ಣೊರೆಸಿಕೊಂಡು, ಬೇಳೆ ಸಾರಿನ ಕಡೆ ಮೇಲೆ ಬರುವಂತೆ ಕಾರ್ಡು ತಿರುಗಿಸಿ, ಅವನಿಗೆ ಹಿಡಿದುಕೊಟ್ಟಳು.